ಕಾಗಿಯ ಸನ್ನೆ

ಅವ್ವ ಎರಡೂ ಕೈ ಭುಜದ ಮಟ ತಂದು
ರೆಕ್ಕಿ ಬಡದಂಗ ಬಡದು ತೋರಿಸಿದ್ಲು: ಕಾಗಿ.
ಆಮ್ಯಾಲೆ ಒಂದು ಬೆರಳಿಂದ ಅಕ್ಕನ ತೋಳು ಮುಟ್ಟಿ
ಹಿತ್ತಲ ಬಾಗಿಲ ಕಡೆ ಕೈ ಮಾಡಿದ್ಲು.
ಅಷ್ಟ. ಮುಗೀತು ಪಾಠ.

ಕೇಳೂ ಮಂದಿಗೆ ಅದು ಮುಚ್ಚಿ ಆಡೂ ಮಾತು.
ಅಕ್ಕಗ ಅದು ಕಾಗಿ,
ಖರೇನ ಕಾಗಿ, ಕರೀ ಕೊಕ್ಕಿನದು.
ಆರು ವರ್ಷ ಆಕಿ ಮಾಳಿಗಿ ಮ್ಯಾಲೆ ಅರಿವಿ ಒಣಹಾಕಲಿಲ್ಲ.
ಬೆಟಗೇರಿ ಓಣ್ಯಾಗ ಕರೆಂಟಿನ ತಂತಿ ಕಂಡ್ರ
ತಲಿ ಮ್ಯಾಲೆ ವೇಲು ಎಳಕೊಂಡು
ಮೈ ಸಣ್ಣ ಮಾಡಿ ನಡೀತಿದ್ಲು.
ನಾವು ನಗತಿದ್ವಿ. ಯಾಕಂತ ಯಾರೂ ಕೇಳಲಿಲ್ಲ.

ಸಾಲ್ಯಾಗ ಆ ಪಾಠ ಬಂದ ದಿನ
ಗುರುಗಳು ಬೋರ್ಡಿನ ಕಡೆ ಮುಖ ಮಾಡಿ ಓದಿದ್ರಂತ.
ಪಾಪ, ನಾಚಿಗಿ ಅವರಿಗೂ.
ಬ್ಯಾರೆ ಹುಡುಗ್ಯಾರಿಗೆ ದನಿ ಆದ್ರೂ ಸಿಕ್ತು.
ತುಟಿ ಓದೂ ಅಕ್ಕಗ ಸಿಕ್ಕದ್ದು
ಬಿಳೀ ಅಂಗಿಯ ಬೆನ್ನು, ಅದರ ಮ್ಯಾಲೆ ಬೆವರಿನ ಕಲೆ,
ಏನೂ ಬರೀದ ಸೀಮೆಸುಣ್ಣ.

ಇಪ್ಪತ್ತೆರಡಕ್ಕ ರಕ್ತ ನಿಲ್ಲದಾತು.
ಮುಳಗುಂದ ನಾಕಾ ಹತ್ರ ದವಾಖಾನಿ, ನಂಬರ್ ಹದಿನೇಳು.
ಡಾಕ್ಟರಮ್ಮಗ ಮಾಸ್ಕು. ಅಕ್ಕಗ ನಾನು.
ಮಾಸ್ಕು ಭಾಳ ಹೊತ್ತು ಅಲುಗಾಡ್ತು:
ಯಾವಾಗಿಂದ, ಎಷ್ಟು, ಲಗ್ನ ಗೊತ್ತಾಗೈತೇನು,
ಯಾರರ ಆಕಿಗೆ ಮನಸಿಲ್ಲದ ಏನರ...
ನನಗ ಹದಿನೆಂಟು. ಗ್ವಾಡಿ ಮ್ಯಾಲಿನ ಕೂಸಿನ ಫೋಟೊ ನೋಡಕೋತ
ಕೈ ಮಾಡಿದೆ: ಗುಳಿಗಿ. ಮೂರು ದಿನ. ಉಂಡ ಮ್ಯಾಲೆ.
ಡಾಕ್ಟರಿಗೆ ನಾನ ಉತ್ತರ ಕೊಟ್ಟೆ:
ಇಲ್ರಿ. ಏನೂ ಇಲ್ರಿ.

ಟಂಟಂನ್ಯಾಗ ಅಕ್ಕ ನನ್ನ ಗದ್ದ ಹಿಡದು ತನ್ನ ಕಡೆ ತಿರುವಿದ್ಲು:
ಆಕಿ ಹುಬ್ಬು ನಾಕು ಸಲ ಮ್ಯಾಲೆದ್ದುವು.
ನಿನ್ನ ಕೈ ಮೂರು ಮಾತಿಗೆ ನಿಂತುವು.
ಉಳದದ್ದೆಲ್ಲಿ?

ನಾ ಹೊರಗ ನೋಡಿದೆ.
ಗುರುಗಳ ಬೆನ್ನು ಈಗ ನನಗ ಬಂದಿತ್ತು.

ಐತವಾರ ಹುಬ್ಬಳ್ಳಿಂದ ನಸ್ರೀನ್ ಬರತಾಳ, ಪ್ಯಾಸೆಂಜರ್ ಗಾಡಿಗೆ.
ಆಕಿಗೂ ಕಿವಿ ಕೇಳಂಗಿಲ್ಲ. ಕೈಯಾಗ ಆಕಿ ಹೆಸರು
ಮಣಿಕಟ್ಟಿನ ಮ್ಯಾಲೆ ಒಂದು ಬಳಿ ತಿರುವಿದಂಗ.
ಮಗ್ಗದ ಮ್ಯಾಲಿನ ಖೋಲಿ. ಕೆಳಗ ಪವರ್‌ಲೂಮು ಬಡಕೋತನ ಇರತಾವು,
ಎಲ್ಲಾರ ಅಂಗಾಲಿಗೂ ಅದ ತಾಳ.
ಒಂಬತ್ತು ಮಂದಿ: ಹೊಲಿಗಿ ಕಲಿಯೂವ್ರು, ಪ್ರೆಸ್ಸಿನ್ಯಾಗ ದುಡಿಯೂವ್ರು,
ನರಗುಂದದಿಂದ ಬಂದ ಒಬ್ಬಾಕಿ ಬಸುರಿ.
ನನಗ ಕೊಟ್ಟ ಕೆಲಸ ಪರದಾ ಎಳಿಯೂದು.
ಕೈಮಾತಿನ್ಯಾಗ ಪಿಸುಮಾತು ಇಲ್ಲ,
ಎದುರು ಮಾಳಿಗಿಗೂ ಎಲ್ಲಾ ಕಾಣತೈತಿ.

ಗರ್ಭಕೋಶಕ್ಕ ಆಕಿ ಮುಷ್ಟಿ ಹಿಡದ್ಲು: ಇಷ್ಟ. ಇಷ್ಟ ಸಣ್ಣದು.
ತಿಂಗಳ ಲೆಕ್ಕ ಬೆರಳ ಗೆಣ್ಣಿನ ಮ್ಯಾಲೆ.
ನಿರೋಧದ ಪಾಕೀಟು ಕೈಯಿಂದ ಕೈಗೆ ಹೋಗಿ
ಬಸುರಿ ಹತ್ರ ನಿಂತಿತು. ಆಕಿ ನಕ್ಕು ನಕ್ಕು ಕಣ್ಣೀರು ತಂದ್ಲು:
ಒಂದು ವರ್ಷ ಮೊದಲ ತೋರಿಸಬೇಕಿಲ್ಲೇನು?

ಆಮ್ಯಾಲೆ ‘ಬ್ಯಾಡ’.
ಎಲ್ಲಾರೂ ಮಾಡಿದ್ರು. ನಸ್ರೀನ್ ಒಪ್ಪಲಿಲ್ಲ.
ಕೈ ಅರ್ಧ ಮಾತು, ಮಾರಿ ಅರ್ಧ,
ನಕ್ಕೋತ ಅಂದ ಬ್ಯಾಡ ಬ್ಯಾಡ ಅಲ್ಲ.
‘ಮೂಕಿ ಇದ್ರೂ ನಗಮಾರಿಯಾಕಿ’ ಅಂತ
ಮಂದಿ ಹೊಗಳಿ ಹೊಗಳಿ ಬೆಳಿಸಿದ ಮಾರಿ ಅದು.
ಗಂಟು ಹಾಕಲಿಕ್ಕ ಅಕ್ಕಗ ಮೂರು ಐತವಾರ ಹಿಡೀತು.

ಪರದಾ ಹಿಡದ ನಾನೂ ಮೆಲ್ಲಕ ನನ್ನ ಮುಷ್ಟಿ ನೋಡಿಕೊಂಡೆ.
ಎರಡೂ ಕಿವಿ ನೆಟ್ಟಗಿದ್ದಾಕಿ ನಾನು.
ನನಗರ ಯಾರು ಹೇಳಿದ್ರು?

ಮತ್ತ ದವಾಖಾನಿ. ನಂಬರ್ ಐದು.
ಅಕ್ಕ ಡಾಕ್ಟರ ಮಾಸ್ಕು ತೋರಿಸಿ, ಗಾಳ್ಯಾಗ ಕೆಳಗ ಎಳದ್ಲು.
ಆಮ್ಯಾಲೆ ನನಗ ಬಾಗಿಲ ತೋರಿಸಿದ್ಲು.
ಬೆಂಚಿನ ಮ್ಯಾಲೆ ಕುಂತೆ. ಅರ್ಧ ತಾಸು.
ಒಳಗ ಪೆನ್ನು, ಹಾಳಿ, ಎರಡು ಮಾರಿ.
ಏನು ಮಾತಾತೋ, ಇವತ್ತಿಗೂ ನನಗ ಗೊತ್ತಿಲ್ಲ.

ಮನ್ಯಾಗ ಅವ್ವ ಇನ್ನೂ ರೆಕ್ಕಿ ಬಡೀತಾಳ.
ನಿನ್ನೆ ಅಕ್ಕ ಆಕಿ ಕೈ ಹಿಡದು, ಒಂದೊಂದ ಬೆರಳು ಮಡಚಿ
ಮುಷ್ಟಿ ಮಾಡಿಸಿ, ಹೊಟ್ಟಿಗೆ ಹಚ್ಚಿದ್ಲು.
ಸಾಕ ಬಿಡ ಅಂತ ಅವ್ವ ಕೊಸರಿಕೊಂಡು ಒಲಿ ಕಡೆ ಹೋದ್ಲು.
ಹಾಲು ಉಕ್ಕಲಿಕ್ಕ ಹತ್ತಿತ್ತು.
ಕೈ ಮಾತ್ರ ಇನ್ನೂ ಬಿಚ್ಚಿರಲಿಲ್ಲ.