ತಳದ ನೀರು

ಹದಿನೆಂಟು ವರ್ಷ ಫುಜೈರಾದಲ್ಲಿ ನನ್ನ ಕೆಲಸ ಇಷ್ಟೇ:
ಟ್ಯಾಂಕಿನ ನೆತ್ತಿಗೆ ಹತ್ತುವುದು, ಮುಚ್ಚಳ ಎತ್ತುವುದು,
ಮುಖ ತಿರುಗಿಸಿ, ಉಸಿರು ಹಿಡಿದು,
ಹಿತ್ತಾಳೆ ಗುಂಡು ಕಟ್ಟಿದ ಟೇಪನ್ನು ಕತ್ತಲೆಗೆ ಇಳಿಬಿಡುವುದು.
ಗುಂಡಿಗೆ ಮೊದಲೇ ಪೇಸ್ಟು ಸವರಿರುತ್ತೇನೆ, ಸಾಸಿವೆ ಬಣ್ಣದ್ದು.
ಎಣ್ಣೆ ತಾಗಿದರೆ ಅದಕ್ಕೇನೂ ಅನ್ನಿಸುವುದಿಲ್ಲ.
ನೀರು ತಾಗಿದಲ್ಲಿ ಕೆಂಪಾಗುತ್ತದೆ.
ಒಟ್ಟು ಲೆಕ್ಕದಿಂದ ಆ ಕೆಂಪಿನಷ್ಟನ್ನು
ಕಳೆದು ಬರೆಯುವವನು ನಾನು.

ಮಾರ್ಚಿಗೆ ವೀಸಾ ಮುಗಿಯುತ್ತದೆ. ಗ್ರಾಚ್ಯುಯಿಟಿ ಬರಬೇಕು.
ಕ್ಯಾಂಪಿನ ಮೇಲುಮಂಚದಲ್ಲಿ ಬೋರಲು ಮಲಗಿ
ಫೋನಿನಲ್ಲಿ ಎರಡು ಕಂಪನಿಗಳನ್ನು ಅಕ್ಕಪಕ್ಕ ಇಟ್ಟಿದ್ದೇನೆ.
ಎರಡೂ ದೊಡ್ಡವು. ಎರಡನ್ನೂ ಅಳೆದಿದ್ದೇನೆ;
ಕಣ್ಣು ಕಟ್ಟಿ ನಿಲ್ಲಿಸಿದರೂ ವಾಸನೆಯಲ್ಲೇ ಯಾವುದೆಂದು ಹೇಳಬಲ್ಲೆ.

ಹಿರಿಯದು
(ಹೆಸರು ಹೇಳಿದರೆ ನಾಳೆ ಗೇಟಿನಲ್ಲಿ ತೊಂದರೆ)
ಲಾಭಾಂಶ ಒಂದು ವರ್ಷವೂ ತಪ್ಪಿಸಿಲ್ಲ.
ಸಾಲ ಕಡಿಮೆ. ಗಳಿಕೆಯ ಹನ್ನೊಂದು ಪಟ್ಟು ಬೆಲೆ.
ಅದರ ಸರ್ವೇಯರ್ ನನಗಿಂತ ಮೊದಲೇ ಬಂದು
ನೆರಳಲ್ಲಿ ಕೂತಿರುತ್ತಾನೆ: ಇಸ್ತ್ರಿಯ ಕವರಾಲ್, ಸ್ವಂತ ಪೆನ್ನು.

ಕಿರಿಯದರದ್ದು ಹೆಚ್ಚಾಗಿ ಅನಿಲ.
ನಮ್ಮಲ್ಲಿಗೆ ಬರುವುದು ಅದರ ಕಂಡೆನ್ಸೇಟು, ತಿಳಿಸಾರಿನಷ್ಟು ತೆಳು;
ಟೇಪಿನ ಮೇಲೆ ಗುರುತು ಕಾಣುವ ಮೊದಲೇ ಆರಿಹೋಗುತ್ತದೆ.
ಆರು ಪಟ್ಟಿಗೇ ಸಿಗುತ್ತದೆ ಶೇರು.
ಮೂರು ವರ್ಷದಿಂದ "ಮುಂದಿನ ವರ್ಷ ಹೊಸ ಘಟಕ" ಅನ್ನುತ್ತಿದೆ.
ಹಡಗು ಯಾವಾಗಲೂ ತಡ,
ಆದರೆ ಬಂದ ರಾತ್ರಿ ಜೆಟ್ಟಿಗೆಲ್ಲ ಬಿರಿಯಾನಿ.

ಕೆಳಮಂಚದ ಇರ್ಷಾದ್ ದಾಮುದಿ, ಭಟ್ಕಳದವನು:
"ಸಾಲ ಮೂರರಲ್ಲೊಂದು ಪಾಲು ದಾಟಿದ್ದನ್ನು ನಾನು ಮುಟ್ಟುವುದಿಲ್ಲ ಮಾರಾಯ.
ಬಡ್ಡಿ ಹರಾಮು."
ನನಗದು ಪಾಪವಲ್ಲ, ಬರೀ ಭಯ, ಅಂದೆ.
"ಎರಡೂ ಒಂದೇ," ಎಂದು ಗೋಡೆಗೆ ಹೊರಳಿದ.

ಗುಲಾಬಿಗೆ ಫೋನು ಮಾಡಿದರೆ, ಗಂಗೊಳ್ಳಿಯಿಂದ:
"ಮೀನ್ ತಕಂಬತಿಗೆ ಕೆಮಿ ಎತ್ತಿ ಕಾಂತ್ರಿ ಅಲ್ದಾ?
ಇದಕ್ಕೂ ಹಾಂಗೇ ಕಾಣಿ."

ಕೆಮಿಯೊಳಗೆ ಕೆಂಪಿದ್ದರೆ ಮೀನು ತಾಜಾ.
ಗುಂಡಿನ ಮೇಲೆ ಕೆಂಪಿದ್ದರೆ ತಳದಲ್ಲಿ ನೀರು.
ಫೋನಿನಲ್ಲಿ ಕೆಂಪಿದ್ದರೆ ಇವತ್ತು ಬಿದ್ದಿದೆ.
ಯಾವ ಕೆಂಪನ್ನು ನಂಬಲಿ ಗುಲಾಬಿ,
ಅನ್ನುವಷ್ಟರಲ್ಲಿ ಕರೆ ಕಡಿಯಿತು.

ಶುಕ್ರವಾರ ಹಿರಿಯದರ ವಾರ್ಷಿಕ ವರದಿ ತೆರೆದೆ. ಇನ್ನೂರೆಂಬತ್ತು ಪುಟ.
ನಗುವ ಅಧ್ಯಕ್ಷರನ್ನು ಬಿಟ್ಟು ಹಿಂದಿನಿಂದ ಓದಿದೆ,
ತಳದಿಂದ, ಅಭ್ಯಾಸಬಲ.
ಸಣ್ಣಕ್ಷರದ ಮೂವತ್ತೊಂದನೆಯ ಟಿಪ್ಪಣಿಯಲ್ಲಿ ಸಿಕ್ಕಿತು:
ಬಾವಿಗಳಿಗೆ ವಯಸ್ಸಾಗಿದೆ. ಮೇಲೆ ಬರುವ ಹತ್ತು ಪೀಪಾಯಿಯಲ್ಲಿ ಏಳು ನೀರು.
ಒಂದು ದಿನ ಅವನ್ನೆಲ್ಲ ಸಿಮೆಂಟು ಸುರಿದು ಮುಚ್ಚಬೇಕು;
ಅದರ ಖರ್ಚು ಇಷ್ಟು, ಅಂದಾಜು.
ಇಸ್ತ್ರಿಯ ಕವರಾಲ್ ಕಣ್ಣ ಮುಂದೆ ಬಂತು.
ಮತ್ತೆ ಬಿರಿಯಾನಿ. ಅದರ ಲೆಕ್ಕವೂ
ಯಾವುದೋ ಟಿಪ್ಪಣಿಯಲ್ಲಿ ಇದ್ದೀತು.

ರಾತ್ರಿ ಪಾಳಿ. ಟ್ಯಾಂಕಿನ ಮೇಲಿಂದ ಲಂಗರಿನ ಹಡಗುಗಳು ಕಾಣುತ್ತವೆ,
ಬೆಲೆ ಏರಲೆಂದು ತುಂಬಿದ ಹೊಟ್ಟೆಯಲ್ಲೇ ನಿಂತವು.
ನಲವತ್ತೊಂದು ದೀಪ ಎಣಿಸಿದೆ. ಮಂಜು ಬಂತು,
ಹತ್ತೊಂಬತ್ತಾಯಿತು.

ಎರಡು ದೋಣಿಯಲ್ಲಿ ಕಾಲಿಡಬೇಡ ಅನ್ನುತ್ತಿದ್ದರು ನಮ್ಮಲ್ಲಿ.
ಬ್ಯಾಂಕಿನ ಹುಡುಗ ಅನ್ನುತ್ತಾನೆ: ಎರಡರಲ್ಲೂ ಇಡಿ ಸರ್, ಅದೇ ಕ್ಷೇಮ.
ನಮ್ಮವರು ಮುಳುಗಿದ್ದನ್ನು ಕಂಡವರು.
ಅವನಿಗೆ ಈಜು ಬರುತ್ತದೋ ಇಲ್ಲವೋ, ಕೇಳಲಿಲ್ಲ.

ಬುಧವಾರ ಸೆಟಲ್‌ಮೆಂಟ್ ಕಾಗದ ಕೈಗೆ ಬಂತು.
ಮೂಲವೇತನಕ್ಕೆ ಮಾತ್ರ ಲೆಕ್ಕ ಹಿಡಿದಿದ್ದಾರೆ;
ಓವರ್‌ಟೈಮು, ಬೇಸಿಗೆಯ ಬಿಸಿಭತ್ಯೆ, ಊಟದ ದುಡ್ಡು ಇಲ್ಲ.
ಯಾರೋ ನನ್ನೊಳಗೂ ಟೇಪು ಬಿಟ್ಟು,
ಕೆಂಪು ಎಲ್ಲಿವರೆಗೆಂದು ನೋಡಿ,
ಕಳೆದು ಬರೆದಿದ್ದಾರೆ.
ಅಂಕೆ ತಪ್ಪಿಲ್ಲ. ನಾನಾದರೂ ಹಾಗೇ ಬರೆಯುತ್ತಿದ್ದೆ.

"ಕಡೆಗೆ ಯಾವುದು ತಕೊಂಡೆ?" ಇರ್ಷಾದ್ ಕೇಳಿದ.
ಸಾಬೂನು ಹಾಕಿ ಕೈ ಉಜ್ಜುತ್ತಿದ್ದೆ.
ನಾಳೆ ಹೇಳುತ್ತೇನೆ, ಅಂದೆ.
ಉಗುರಿನ ಸಂದಿಯಲ್ಲಿ
ಇನ್ನೂ ಸ್ವಲ್ಪ ಕೆಂಪು.