ಪಡುವಣ ಕಿಟಕಿ

ಪಡುವಣದ ಕಿಟಕಿಗೆ ಇನ್ನೂ ಗಾಜಿಲ್ಲ.
ಗೋಡೆಯಲ್ಲೊಂದು ಚೌಕ ತೂತು; ಅದರಾಚೆ
ಕೊಯ್ದು ಬಿಟ್ಟ ಬಾರ್ಲಿ ಹೊಲ, ವಿದ್ಯುತ್ ತಂತಿ,
ಜುಲೈ ತಿಂಗಳ ಆರು ಗಂಟೆಯ ಸೂರ್ಯ.
ಸರಗೋಸಾದಲ್ಲಿ ಆರು ಗಂಟೆಯೆಂದರೆ ಸಂಜೆಯಲ್ಲ,
ಬಾಣಲೆ ಇನ್ನೂ ಒಲೆಯ ಮೇಲೇ ಇದೆ.

ಲೊರಿಯೆನ್ ಸಿಮೆಂಟು ನೆಲಕ್ಕೆ ಮಂಡಿಯೂರಿ
ಬಡಗಿಯ ಪೆನ್ಸಿಲಿನಿಂದ ಬಿಸಿಲಿನ ಅಂಚಿಗೆ ಗೆರೆ ಹಾಕುತ್ತಾನೆ:
ನಾಲ್ಕು. ಐದು. ಆರು.
ಏಳರ ಗೆರೆ ಎದುರು ಗೋಡೆ ಹತ್ತುತ್ತದೆ
ನಾನು ಮಲಗಬೇಕಾದ ಜಾಗವನ್ನು ತುಳಿದುಕೊಂಡೇ.

ರಾತ್ರಿಪಾಳಿಯ ದಾದಿ ನಾನು. ಬೆಳಗ್ಗೆ ಒಂದಿಷ್ಟು,
ಪಾಳಿಗೆ ಮುನ್ನ ಇನ್ನೊಂದಿಷ್ಟು,
ನನ್ನ ನಿದ್ದೆಯೆಲ್ಲ ಚಿಲ್ಲರೆ ಕಾಸು.

ಅಂಗಡಿಯ ಗಸ್ಕೋನ್ ಮಾದರಿಗಳನ್ನು
ಇಸ್ಪೀಟು ಎಲೆಯಂತೆ ಹರವಿದ.
"ಗಾಜು ದಾಟಿದ ಬಿಸಿಲು ಆಗಲೇ ಮನೆಯವನು, ಸೆನ್ಯೋರಾ.
ಆಮೇಲೆ ಪರದೆ ಎಳೆಯುವುದು
ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.
ತಡೆಯುವುದಾದರೆ ಹೊರಗೇ."

ತೆಂಕಣಕ್ಕೆ ಒಂದು ಚಾಚು ಸಾಕಂತೆ:
ಬೇಸಿಗೆಯ ನಡುಹಗಲ ಸೂರ್ಯ ಎತ್ತರದ ಆಳು, ಬಗ್ಗಲಾರ.
ಪಡುವಣದವನು ತೆವಳಿ ಬರುತ್ತಾನೆ.
ಬಟ್ಟೆಯ ಚಪ್ಪರ ತೋರಿಸಿದ; ಲೊರಿಯೆನ್ ನಕ್ಕ.
ಎಬ್ರೋ ಕಣಿವೆಯಲ್ಲಿ ಒಂದು ಗಾಳಿಯಿದೆ, ಸಿಯೆರ್ಸೊ,
ಕುಡಿದು ಬರುವ ಚಿಕ್ಕಪ್ಪನಂತೆ ಹೆಸರು ಹಿಡಿದೇ ಬೈಯುತ್ತೇವೆ.
ಚಪ್ಪರ ಮೂರನೇ ದಿನ ಪಕ್ಕದೂರಲ್ಲಿರುತ್ತದೆ.

ಆಮೇಲೆ ತಿರುಗುವ ಅಲ್ಯೂಮಿನಿಯಂ ಪಟ್ಟಿಗಳು.
ಚಂದ, ಮೀನಿನ ಕಿವಿರಿನಂತೆ.
ಬಣ್ಣದ ಹೆಸರು "ಮಂಜುಬೂದಿ". ಇಲ್ಲಿ ಯಾರು ನೋಡಿದ್ದಾರೆ ಮಂಜನ್ನು ಜುಲೈಯಲ್ಲಿ.
ಗಾಳಿ ಜೋರಾದರೆ ಛಾವಣಿಯ ಗಿರಗಿಟ್ಟಲೆ ಅಪ್ಪಣೆ ಕೊಡುತ್ತದೆ,
ಪಟ್ಟಿಗಳು ತಾವೇ ಮೇಲೇರಿ ಪೆಟ್ಟಿಗೆಯಲ್ಲಿ ಅವಿತುಕೊಳ್ಳುತ್ತವೆ.
"ಬಿಸಿಲೂ ಗಾಳಿಯೂ ಒಟ್ಟಿಗೇ ಬಂದರೆ?" ಎಂದೆ.
ಗಸ್ಕೋನ್ ಕೆಮ್ಮಿದ.
ನಮ್ಮಲ್ಲಿ ಅವೆರಡೂ ಒಟ್ಟಿಗೇ ಬರುವುದು,
ಮಾತು ಬಿಟ್ಟ ಗಂಡಹೆಂಡಿರ ಹಾಗೆ.

"ಹಾಗಾದರೆ ಸುರುಳಿ ಬಾಗಿಲು. ಈಗಿನದು ಬಿಗಿ,
ತೂತಿಲ್ಲ, ಸಂದಿಲ್ಲ, ಸದ್ದಿಲ್ಲ,
ಗುಂಡಿ ಒತ್ತಿದರೆ ಗೋರಿಯಷ್ಟು ಕತ್ತಲೆ"
ಎಂದವನು ತಾನೇ ನಾಲಿಗೆ ಕಚ್ಚಿಕೊಂಡ.

"ತೂತಿರುವುದು ಬೇಕು" ಎಂದೆ.
ಲೊರಿಯೆನ್ ನನ್ನತ್ತ ತಿರುಗಿದ.

ಆರು ವರ್ಷದವಳಿದ್ದೆ. ಊಟವಾದ ಮೇಲೆ ಅಮ್ಮ
ದಡಬಡ ಸುರುಳಿ ಇಳಿಸಿ, ಮಲಗು ಎಂದು ಹೋಗುತ್ತಿದ್ದಳು.
ಪಟ್ಟಿಯೊಂದು ಮುರಿದ ಕಡೆ ಕಾಳುಮೆಣಸಿನಷ್ಟು ಕಂಡಿ.
ಅಷ್ಟರಿಂದಲೇ ಇಡೀ ಬೀದಿ ಒಳಗೆ ಬಂದು
ನನ್ನ ತಾರಸಿಗೆ ಅಂಟಿಕೊಳ್ಳುತ್ತಿತ್ತು, ಮಸುಕಾಗಿ, ತಲೆಕೆಳಗಾಗಿ:
ಕೆಂಪು ವ್ಯಾನು, ಎದುರು ಮನೆಯ ಒಣಗಿದ ಚಾದರ,
ಚೀಲ ಹೊತ್ತ ಅಂಚೆಯವನು
ಕಾಲು ಮೇಲೆ, ತಲೆ ಕೆಳಗೆ, ಏನೂ ಆಗದವನಂತೆ.
ಯಾರಿಗೂ ಹೇಳಲಿಲ್ಲ, ಅಕ್ಕ ಓರಿಯಾಳಿಗೂ.
ಕನಸು ಮನೆಯೊಳಗೆ ಬರುವ ದಾರಿ ಇದೇ ಎಂದುಕೊಂಡಿದ್ದೆ,
ಹೇಳಿದರೆ ರಿಪೇರಿ ಮಾಡಿಸಿಯಾರು.

ಅಂಗಡಿಯಲ್ಲಿ ಇದನ್ನೆಲ್ಲ ಹೇಳಲಾಗುತ್ತದೆಯೇ.
"ಉಸಿರುಕಟ್ಟುತ್ತದೆ ನನಗೆ" ಎಂದೆ, ಅಷ್ಟೆ.
ಗಸ್ಕೋನ್ ಕೆಳಗಿನ ಡ್ರಾಯರಿನಿಂದ ಅಜ್ಜಿಯರ ಮಾಡೆಲ್ಲು ತೆಗೆದ:
ಸಾಲು ಸಾಲು ಕಂಡಿ, ಕೈಯಿಂದ ಎಳೆಯುವ ಲಾಡಿ.
ಲಾಡಿ ಸವೆದು ತುಂಡಾಗುತ್ತದೆ, ಗೊತ್ತಲ್ಲ, ಎಂದ.
ಗೊತ್ತು. ಹುಬ್ಬಿನ ಮೇಲೆ ಗಾಯದ ಗುರುತಿದೆ.

ಬರಲು ಇನ್ನೂ ಹದಿನಾಲ್ಕು ವಾರ.
ಗುರುವಾರ ಟೈಲ್ಸಿನವರು ಬಂದು
ನಾಲ್ಕು, ಐದು, ಆರನ್ನು ಮುಚ್ಚಿ ಹೋದರು.
ಏಳನ್ನು ಸುಣ್ಣದವನು ನೋಡಿಕೊಳ್ಳುತ್ತಾನೆ.
ಸದ್ಯಕ್ಕೆ ಚೌಕ ತೂತಿಗೆ ರಟ್ಟು ಹೊಡೆದಿದ್ದೇವೆ,
ಒಂದು ಮೊಳೆ ಬಿದ್ದುಹೋಗಿ ಅದರ ಕಂಡಿ ಉಳಿದಿದೆ.

ನಿನ್ನೆ ಪಾಳಿಗೆ ಮುನ್ನ, ಖಾಲಿ ಕೋಣೆಯಲ್ಲಿ,
ಚಾಪೆಯ ಮೇಲೆ ಅರ್ಧ ಗಂಟೆ ಅಡ್ಡಾದೆ.
ಎದುರು ಗೋಡೆಯಲ್ಲಿ ಹೊಲ ಮೇಲಿತ್ತು, ಆಕಾಶ ಕೆಳಗೆ.
ಲೊರಿಯೆನ್ ನೀರಿನ ಬಕೆಟ್ಟು ಹಿಡಿದು
ತಲೆಕೆಳಗಾಗಿ ನಡೆದು ಹೋದ,
ಒಂದು ಹನಿಯೂ ಚೆಲ್ಲದೆ.