ಅರವತ್ತೇಳು

ದವಡೆಯೊಳಗಿನ ಚೀಲದ ಗೋಡೆ ಇದು,
ಈರುಳ್ಳಿಯ ಒಳಪೊರೆಗಿಂತ ತೆಳು.
ನಾಲ್ಕು ಮೈಕ್ರಾನಿಗೆ ಹೆರೆದು, ಗಾಜಿಗೆ ಹತ್ತಿಸಿ
ಕೊಟ್ಟಿದ್ದಾಳೆ ಗ್ಲೆನಿಸ್.
ಶೆಫೀಲ್ಡಿನವಳು; ಅವಳಜ್ಜ ಚಾಕುಗಳಿಗೆ ಸಾಣೆ ಹಿಡಿದವ.
ಅಲಗು ಮೊಂಡಾದರೆ ಸದ್ದಿನಲ್ಲೇ ಗೊತ್ತಾಗುತ್ತದೆ ಅವಳಿಗೆ.

ಫಾರಮ್ಮಿನಲ್ಲಿ ಬರೆದಿದೆ:
ಸ್ಟ್ಯಾನಿಫೋರ್ತ್, ನಲವತ್ತೊಂದು, ಟ್ರ್ಯಾಮ್ ಚಾಲಕ,
ಕೆಳದವಡೆ, ಎಡಗಡೆ, ಬುದ್ಧಿಹಲ್ಲಿನ ಹಿಂದೆ.
ಮೂರನೆಯ ಸಲ.
ಆ 'ಮೂರನೆಯ' ಕೆಳಗೆ ಯಾರೋ ಎರಡು ಗೆರೆ ಎಳೆದಿದ್ದಾರೆ,
ಎರಡನೆಯದಕ್ಕೆ ಕಾಗದ ಹರಿದಿದೆ.

ಹಲ್ಲು ಕಟ್ಟಲು ಬಂದ ಕೂಲಿಗಳು ಇವು.
ಅವನಿನ್ನೂ ಹೊಟ್ಟೆಯಲ್ಲಿದ್ದಾಗ ಸಾಲುಹಿಡಿದು ಬಂದು
ಅಚ್ಚು ಹಾಕಿ, ಕೆಲಸ ಮುಗಿಸಿ, ಕರಗಿಹೋಗಬೇಕಿತ್ತು.
ಕೆಲವು ಹೋಗಲಿಲ್ಲ. ಮೂಳೆಯ ಸಂದಿಯಲ್ಲಿ
ಚಾಪೆ ಹಾಸಿ ಮಲಗಿಬಿಟ್ಟವು.
ಅವನು ಅತ್ತ, ಸೇಬು ಕಚ್ಚಿದ, ಮುತ್ತು ಕೊಟ್ಟ,
ಶನಿವಾರದ ಮ್ಯಾಚುಗಳಲ್ಲಿ ಗಂಟಲು ಹರಿಯುವಂತೆ ಕೂಗಿದ.
ಎಚ್ಚರವಾಗಲಿಲ್ಲ.

ಆಮೇಲೆ ಯಾರು ಎಬ್ಬಿಸಿದರು?

ಗೊತ್ತಿಲ್ಲ. ಎದ್ದವರು ಯಾರೆಂದು ಚಾಡಿ ಹೇಳುವ
ಪ್ರೋಟೀನೊಂದು ಗೊತ್ತು, ಕೆಐ-ಅರವತ್ತೇಳು.
ಕೀಲ್ ಎಂಬ ಊರು, ತೊಂಬತ್ತಾರು ಕುಳಿಯ ತಟ್ಟೆ,
ಅರವತ್ತೇಳನೆಯ ಕುಳಿ: ಹೆಸರಿನ ಕಥೆ ಅಷ್ಟೇ.
ನನಗೆ ಮಾತ್ರ ಕೀಲು ಅಂದರೆ ದವಡೆಯ ಕೀಲು,
ಏಳು ಅಂದರೆ, ನಸುಕಿನಲ್ಲಿ ಕಂಬಳಿ ಎಳೆದು
ಅಪ್ಪ ಅನ್ನುತ್ತಿದ್ದದ್ದು.
ಮಲಗಿದ ಕೋಶ ನೀಲಿ. ಎದ್ದದ್ದು ಕಂದು,
ಪಾಕ ಮೀರಿದ ಬೆಲ್ಲದ ಕಂದು.

ಸಾವಿರ ಎಣಿಸಬೇಕು. ಎಡಗೈಗೆ ನೀಲಿ, ಬಲಗೈಗೆ ಕಂದು,
ಎರಡು ಕ್ಲಿಕ್ಕರು.
ಮೊದಲ ಕಂದಿಗೆ ನಾಲಿಗೆ ತಾನಾಗಿ 'ಲಾಭ' ಅನ್ನುತ್ತದೆ.
ದಾವಣಗೆರೆಯ ಭಟ್ಟಿಯಲ್ಲಿ ಮಂಡಕ್ಕಿ ಅಳೆಯುವಾಗ
ಅಪ್ಪ ಒಂದು ಅಂದವನಲ್ಲ. ಲಾಭ, ಎರಡು, ಮೂರು...
ಯಾರಿಗೆ ಲಾಭ, ಸ್ಟ್ಯಾನಿಫೋರ್ತ್?
ಎಣಿಕೆ ತಪ್ಪಿತು. ಮತ್ತೆ ಮೊದಲಿಂದ.

ತಳದ ಸಾಲಿನವು ಎದ್ದರೆ ತಪ್ಪಿಲ್ಲ, ಅದು ಅವುಗಳ ಪಾಳಿ.
ಇಲ್ಲಿ ಎದ್ದಿರುವುದು ಅದರ ಮೇಲಿನ ಸಾಲು.
ಮೆಟ್ಟಿಲು ಹತ್ತಿ, ಒಣಗಿ, ಉದುರಬೇಕಾದವು
ಅರ್ಧ ಮೆಟ್ಟಿಲಲ್ಲೇ ನಿಂತು ಒಂದು ಎರಡಾಗುತ್ತಿವೆ.
ಪಕ್ಕದ ಗಾಜಿನಲ್ಲಿ ಪಿ-ಐವತ್ಮೂರು, ಕಾವಲಿನದು,
ಅಲ್ಲೊಂದು ಇಲ್ಲೊಂದು, ಮಾಸಲು.
ಕಾವಲುಗಾರ ಇದ್ದಾನೋ,
ಮೊಳೆಗೆ ಅವನ ಕೋಟು ಮಾತ್ರ ತೂಗುತ್ತಿದೆಯೋ.

ಕ್ಯಾನ್ಸರ್ ಅಲ್ಲ. ಅದನ್ನು ಮೊದಲು ಬರೆಯುತ್ತೇನೆ.
ಮತ್ತೆ ಬರಬಹುದು. ಇದನ್ನು ಆಮೇಲೆ,
ಸಣ್ಣ ವಾಕ್ಯದಲ್ಲಿ.

ನನ್ನ ಲೆಕ್ಕ ನೂರ ನಲವತ್ತೊಂದು.
ಗ್ಲೆನಿಸಳದು ನೂರ ಮೂವತ್ತೆಂಟು.
ಜೋಡಿ ಸೂಕ್ಷ್ಮದರ್ಶಕಕ್ಕೆ ಎದುರುಬದುರು ಕೂತು
ಆ ಮೂರನ್ನು ಹುಡುಕುತ್ತೇವೆ. ಸಿಕ್ಕವು:
ನೀಲಿಯೂ ಅಲ್ಲ, ಕಂದೂ ಅಲ್ಲ.
ನಿದ್ದೆಯಲ್ಲಿವೆ, ಬಿಡು, ಅನ್ನುತ್ತಾಳೆ ಅವಳು.
ಕಣ್ಣುಜ್ಜುತ್ತಿವೆ, ಅನ್ನುತ್ತೇನೆ ನಾನು.

ಕೆಳಗೆ ತಿರುವಿನಲ್ಲಿ ಟ್ರ್ಯಾಮು ಕಿರ್ರೆನ್ನುತ್ತದೆ.
ಇವತ್ತು ಬೇರೆ ಚಾಲಕ.